ಜೋಕ್ ಅಂದರೆ ಇಲ್ಲ

ನರೀನಿಗೆ ಬಂದ ಎರಡನೆಯ ದಿನ ಅಂಗಡಿಯಲ್ಲಿ
ಮೊಸರು ಕೇಳಿದೆ, ಅರ್ಧ ಮಾತು, ಅರ್ಧ ಕೈಸನ್ನೆ.
ಗಲ್ಲಾದ ಹುಡುಗಿ 'ಜೋಕ್' ಎಂದಳು.
ನಾನು ನಕ್ಕೆ.
ಅವಳು ಮತ್ತೆ, ಬಿಡಿಸಿ ಬಿಡಿಸಿ, 'ಜೋಕ್.'
ನಾನು ಇನ್ನೂ ನಕ್ಕೆ,
ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು.
ಇಲ್ಲ ಅನ್ನುವುದಕ್ಕೆ ಇಲ್ಲಿ ಜೋಕ್ ಅನ್ನುತ್ತಾರೆಂದು
ಗೊತ್ತಾಗುವಷ್ಟರಲ್ಲಿ ವಾರ ಕಳೆದಿತ್ತು.
ಆ ಅಂಗಡಿಯ ಮುಂದೆ ಹಾಯದೆ
ಸುತ್ತುದಾರಿಯಲ್ಲಿ ಶಾಲೆಗೆ ಹೋಗುವುದು
ರೂಢಿಯೇ ಆಗಿತ್ತು.

ಮನೆಯೊಡತಿ ಗುಲ್‌ಬಾರಾ. 'ಅಪಾ ಅಂತ ಕರಿ' ಎಂದಳು.
ಅಪಾ ಎಂದರೆ ಇವರಲ್ಲಿ ಅಮ್ಮ.
ಬೆಳಗಾಗೆದ್ದು ಎಪ್ಪತ್ತರ ಹೆಂಗಸನ್ನು
ಹಾಗೆ ಕೂಗಬೇಕು.
ನಾಲಗೆ ಹೊಸಿಲಲ್ಲಿ ಒಂದು ಗಳಿಗೆ ನಿಂತು
ಆಮೇಲೆ ಒಳಗೆ ಹೋಗುತ್ತದೆ.
ಮೊದಲ ದಿನ ರೊಟ್ಟಿಯ ತುಂಡನ್ನು ಬೋರಲು ಇಟ್ಟಿದ್ದೆ,
ಏನೂ ಅನ್ನದೆ ಮಗುಚಿಟ್ಟಳು.
ಚಹಾ ಸುರಿಯುವುದು ಅರ್ಧ ಬಟ್ಟಲು ಮಾತ್ರ.
ಜಿಪುಣಿ ಎಂದುಕೊಂಡೆ.
ತುಂಬಿಸಿ ಕೊಟ್ಟರೆ ಏಳು, ಹೊರಡು ಎಂದಂತೆ!
ಅರ್ಧದ ಮೇಲೆ ಅರ್ಧ, ಆರು ಸಲ ಕುಡಿದೆ.

ಏಳನೆಯ 'ಬಿ' ವಿಭಾಗ.
ಮಕ್ಕಳು ನನ್ನ ಬೆನ್ನ ಹಿಂದೆ ನೋಡಿದರು,
ಇಂಗ್ಲಿಷಿನವಳು ಬಾಗಿಲಲ್ಲೇ ಉಳಿದಳೇನೋ ಎಂದು.
ಒಬ್ಬ ತಂದೆ ಮಗನ ಕೈಲಿ ಕೇಳಿ ಕಳಿಸಿದ:
ನಿಮ್ಮ ಇಂಗ್ಲಿಷು ಅಸಲಿಯೇ?
ಏನು ಹೇಳಲಿ, ಹರಪನಹಳ್ಳಿಯಲ್ಲಿ
ಐದನೆಯ ಕ್ಲಾಸಿಗೆ ಎಬಿಸಿಡಿ ಕಂಡವಳು,
ಇಸ್ಕೂಲು ಎಂದು ಹೇಳಿ ಬೆತ್ತದ ರುಚಿ ನೋಡಿದವಳು.
ಮುಂದಿನ ಬೆಂಚಿನ ಸಿಯಿಮಿಕ್ ಎದ್ದು ನಿಂತು
'ಇಸ್ಕೂಲ್' ಎಂದ, ನನ್ನದೇ 'ಇ' ಹಚ್ಚಿ.
ತಿದ್ದಲು ಬಾಯಿ ತೆರೆದೆ. ಮುಚ್ಚಿದೆ.
ಬೋರ್ಡಿನತ್ತ ತಿರುಗಿ
ಆಗಲೇ ಬರೆದಿದ್ದ ತಾರೀಖನ್ನು ಇನ್ನೊಮ್ಮೆ ಬರೆದೆ.

ಆರ್ಟಿಕಲ್ ಪಾಠ. ಎ ಯಾವಾಗ, ದಿ ಯಾವಾಗ.
ಅವರ ಭಾಷೆಯಲ್ಲಿ ಅದಿಲ್ಲ, ನನ್ನದರಲ್ಲೂ ಇಲ್ಲ.
ಕೊಳ್ಳುವವರ ಮನೆಯಲ್ಲೂ ಮಾರುವವಳ ಮನೆಯಲ್ಲೂ
ಇಲ್ಲದ ಸಾಮಾನಿಗೆ ನಾನು ಸಂತೆ ಹೂಡಿದ್ದೆ.
'ಮೊದಲ ಸಲ ಕಂಡ ನಾಯಿ ಎ,
ಮತ್ತೆ ಕಂಡರೆ ದಿ.'
ಕಿಟಕಿ ಪಕ್ಕದ ಬೇರ್ಮೆತ್ ಕೈಯೆತ್ತಿದಳು:
ಮೊದಲ ಸಲವೇ ಕಚ್ಚಿದರೆ?
ಟೀಚರ್ಸ್ ಗೈಡಿನಲ್ಲಿ ಉತ್ತರವಿಲ್ಲ.
ಅವನು ಅವಳು ಎಂಬ ಭೇದವೂ ಇವರಿಗಿಲ್ಲ.
ತಾತನನ್ನು 'ಶೀ' ಎನ್ನುತ್ತಾರೆ, ಹಸುವನ್ನು 'ಹೀ.'
ಈವರೆಗೆ ತಾತ ಬಂದು ದೂರಿಲ್ಲ. ಹಸುವೂ.

ಜನವರಿ. ಮೈನಸ್ ಇಪ್ಪತ್ತೆಂಟು.
ಒಗೆದ ಲಂಗ ತಂತಿಯ ಮೇಲೆ ಹಲಗೆಯಾಗಿದೆ.
ಕಲ್ಲಿದ್ದಲ ಹೊಗೆ ಕಣಿವೆಯಿಂದ ಏಳಲು ಸೋಮಾರಿ,
ಬೀದಿಯಲ್ಲೇ ಮಲಗಿಬಿಡುತ್ತದೆ.
ಒಂದು ರಾತ್ರಿ ಅತ್ತೆ. ಕಾರಣ ದೊಡ್ಡದಲ್ಲ,
ಸಾಸಿವೆ ಡಬ್ಬಿ ಕೈಜಾರಿತು.
ಉಣ್ಣೆಯ ಹಾಸಿನ ಮೇಲೆ ಟಗರುಕೊಂಬಿನ ಚಿತ್ತಾರ,
ಅದರ ಸುರುಳಿ ಸುರುಳಿಯಲ್ಲೂ ಕಾಳು.
ಅಪಾ ಬಂದು ಕೂತಳು.
ದೀಪ ಹತ್ತಿರ ಎಳೆದು, ಕನ್ನಡಕ ಏರಿಸಿ,
ಒಂದೊಂದೇ ಹೆಕ್ಕಿದಳು ನನ್ನ ಜೊತೆ, ಹನ್ನೊಂದರವರೆಗೆ.
ಒಂದನ್ನು ಹಲ್ಲಿಗಿಟ್ಟು ಕಡಿದು ಕೇಳಿದಳು,
ಔಷಧಿಯೇ?
ಹೌದೆಂದೆ.
ಒಗ್ಗರಣೆಗೆ ಪದ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಹಿಮ ಕರಗಿ
ಸುತ್ತುದಾರಿ ಮೊಣಕಾಲುದ್ದ ಕೆಸರಾಯಿತು.
ಬೇರೆ ಗತಿಯಿಲ್ಲ, ಅಂಗಡಿಯ ಮುಂದೆಯೇ ನಡೆದೆ,
ತಲೆ ತಗ್ಗಿಸಿ, ಪರೀಕ್ಷೆಯ ಪೇಪರುಗಳನ್ನು ಎದೆಗವಚಿ.
ಬಾಗಿಲಿಗೆ ಬಂದ ಹುಡುಗಿ
ಇಷ್ಟು ತಿಂಗಳೂ ಅದನ್ನೇ ಹಿಡಿದು ನಿಂತವಳಂತೆ
ಮೊಸರಿನ ಬಾಟಲಿ ಎತ್ತಿ ತೋರಿಸಿ ಕೂಗಿದಳು:
'ಬಾರ್!'
ಇದೆ ಎಂದು.
ಹಾಳು ಕಿವಿ, ಅದು ಕೇಳಿಸಿಕೊಂಡದ್ದೇ ಬೇರೆ,
ಬಾರೇ.

ಹೋದೆ.
ಮೊಸರು ಸಿಕ್ಕಾಪಟ್ಟೆ ಹುಳಿಯಿತ್ತು.